ಮೂರನೆಯ ಬಾಗಿಲಿನ ಪೊರಕೆ

ಹೆಣ್ಣುಮಕ್ಕಳ ಶೌಚಾಲಯದ ಮೂರನೆಯ ಬಾಗಿಲಿನ ಒಳಮೈಯಲ್ಲಿ ಆವತ್ತೂ ಪೊರಕೆಯ ಚಿತ್ರವಿತ್ತು. ಹಸಿರು ಬಣ್ಣದ ಬಾಗಿಲು, ಅದರ ಮೇಲೆ ವೈಟ್ನರಿನಲ್ಲಿ ಬರೆದ ಬಿಳಿ ಪೊರಕೆ. ಉದ್ದನೆಯ ಹಿಡಿ, ಕೆಳಗೆ ಕೆದರಿದ ಕಡ್ಡಿಗಳು. ಬರೆದ ಕೈ ಪಳಗಿದ ಕೈ ಎಂದು ಒಪ್ಪಿಕೊಳ್ಳಲೇಬೇಕು. ಆಯಾ ಬಕೆಟ್ಟು ಕೆಳಗಿಟ್ಟು, ಏಪ್ರನ್ನಿನ ಜೇಬಿನಿಂದ ಹಳೆಯ ಬ್ಲೇಡಿನ ಚೂರು ತೆಗೆದು ಕೆರೆಯಲು ಶುರು ಮಾಡಿದಳು. ಬಾಗಿಲಿನ ಬಣ್ಣ ಕಿತ್ತು ಬರಬಾರದು, ಬಿಳಿ ಮಾತ್ರ ಉದುರಬೇಕು. ಅದಕ್ಕೊಂದು ಹದವಿದೆ. ಎರಡು ವರ್ಷದಿಂದ ವಾರಕ್ಕೆ ಎರಡು ಮೂರು ಸಲ ಇದನ್ನೇ ಮಾಡುತ್ತ ಬಂದ ಕೈಗೆ ಕಣ್ಣು ಮುಚ್ಚಿದರೂ ಆ ಹದ ಸಿಗುತ್ತಿತ್ತು.

ಆ ಪೊರಕೆ ತಾನೇ ಎಂದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿತ್ತು ಎಂದರೆ, ಹಾಗಂದುಕೊಂಡಿದ್ದಳು. ಇಡೀ ಶಾಲೆಯಲ್ಲಿ ಪೊರಕೆ ಹಿಡಿಯುವ ಹೆಂಗಸು ಅವಳೊಬ್ಬಳೇ. ಇನ್ಯಾರ ಚಿತ್ರ ಬರೆಯುತ್ತಾರೆ? ಹನ್ನೊಂದು ವರ್ಷದಲ್ಲಿ ಮಕ್ಕಳು ಅವಳಿಗೆ ಇಟ್ಟ ಅಡ್ಡಹೆಸರುಗಳನ್ನೆಲ್ಲ ಬರೆದಿದ್ದರೆ ಒಂದು ಹಾಜರಿ ಪುಸ್ತಕ ತುಂಬುತ್ತಿತ್ತು. ಅವಳು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಂಡವಳಲ್ಲ. ನಾಯಿ ಬೊಗಳಿದರೆ ದೇವಲೋಕ ಹಾಳೇ? ಮಕ್ಕಳನ್ನು ನಾಯಿ ಎನ್ನಬಾರದು ನಿಜ, ಆದರೆ ಗಾದೆ ಇರುವುದೇ ಹಾಗೆ, ಏನು ಮಾಡುವುದು.

ಮನಸ್ಸಿಗೆ ಹಚ್ಚಿಕೊಳ್ಳದವಳು ಸೊಂಟ ನೋವಿದ್ದರೂ ಬಗ್ಗಿ ಬಗ್ಗಿ ಕೆರೆಯುತ್ತಿದ್ದುದು ಯಾಕೆಂದರೆ, ಅದೇ ಶಾಲೆಯ ಎಂಟನೆಯ ತರಗತಿಯಲ್ಲಿ ಅವಳ ಮಗಳು ಓದುತ್ತಿದ್ದಳು. ತನ್ನ ಅಮ್ಮನನ್ನು ಯಾರೋ ಹೀಗೆ ಬಾಗಿಲ ಮೇಲೆ ಬರೆದಿದ್ದಾರೆಂದು ಮಗಳ ಕಣ್ಣಿಗೆ ಬೀಳಬಾರದು. ಇಷ್ಟೇ ಅವಳ ಹಟ. ಬೆಳಗ್ಗೆ ಎಂಟೂವರೆಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲು ಒಂದು ಸಲ, ಹನ್ನೊಂದರ ಬಿಡುವು ಮುಗಿದ ಮೇಲೆ ಒಂದು ಸಲ, ಮೊದಲು ಮೂರನೆಯ ಬಾಗಿಲು ನೋಡಿಯೇ ಉಳಿದ ಕೆಲಸಕ್ಕೆ ಕೈಹಾಕುತ್ತಿದ್ದಳು.

ಮಗಳು ಆರನೆಯ ತರಗತಿಗೆ ಬಂದಾಗ ಆ ಸೀಟು ಸಿಕ್ಕಿತ್ತು. ಎಂಟು ವರ್ಷ ಮೀರಿ ದುಡಿದವರ ಒಂದು ಮಗುವಿಗೆ ಶುಲ್ಕವಿಲ್ಲದೆ ಓದು ಎಂದು ಶಾಲೆಯ ನಿಯಮ. ನಿಯಮ ಬರೆದವರಿಗೆ ಬಹುಶಃ ಗುಮಾಸ್ತರ ಮಕ್ಕಳ ನೆನಪಿತ್ತು, ಆಯಾಳ ನೆನಪಿರಲಿಲ್ಲ. ಅವಳು ಅರ್ಜಿ ಹಿಡಿದು ನಿಂತಾಗ ಕಚೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಆದರೂ ಕೊಟ್ಟರು. ಮೊದಲ ದಿನ ಶಾಲೆಯ ರಸ್ತೆ ತಿರುಗುವ ಮುನ್ನ, ಮುಚ್ಚಿದ ಪೆಟ್ರೋಲ್ ಬಂಕಿನ ಹತ್ತಿರ ಮಗಳನ್ನು ನಿಲ್ಲಿಸಿ, ಅವಳ ಎರಡು ಜಡೆಯ ರಿಬ್ಬನ್ನು ಸರಿಮಾಡುತ್ತ ಆಯಾ ಹೇಳಿದ್ದಳು, "ಇಲ್ಲಿಂದ ನೀನು ಮುಂದೆ ಹೋಗು, ನಾನು ಹಿಂದೆ ಬರ್ತೀನಿ. ಗೇಟು ದಾಟಿದ ಮೇಲೆ ನಾನು ಆಯಾ, ನೀನು ಯಾರೋ. ಎದುರಿಗೆ ಸಿಕ್ಕಿದ್ರೂ ಮಾತಾಡಿಸ್ಬೇಡ, ನಾನೂ ನೋಡಲ್ಲ. ತಿಳೀತಾ?"

"ಯಾಕಮ್ಮ?"

"ಯಾಕೆ ಅಂದ್ರೆ ಹಾಗೇ. ನಿನ್ನ ಒಳ್ಳೇದಕ್ಕೆ."

ಅಂದಿನಿಂದ ಅಮ್ಮ ಮಗಳು ಆ ಒಪ್ಪಂದ ಮುರಿದವರಲ್ಲ. ಕಾರಿಡಾರಿನಲ್ಲಿ ಮಗಳು ಎದುರಾದರೆ ಆಯಾ ಬಗ್ಗಿ ಮಾಪು ಹಿಂಡುತ್ತಿದ್ದಳು, ಮಗಳು ಗೋಡೆಯ ಮೇಲಿನ ಭೂಪಟ ನೋಡುತ್ತಿದ್ದಳು. ಇಂಥ ನಾಟಕಕ್ಕೆ ತಾಲೀಮು ಬೇಕಿಲ್ಲ, ಬಡವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ.

ಬಾಟಲಿಗಳ ವಿಷಯವೂ ಹೇಳಬೇಕು. ಮೂರನೆಯ ಶೌಚಾಲಯದ ಕಸದ ಡಬ್ಬಿಯಲ್ಲಿ, ಫ್ಲಶ್ ಟ್ಯಾಂಕಿನ ಹಿಂದೆ, ಕಿಟಕಿಯ ಸಂದಿಯಲ್ಲಿ ವೈಟ್ನರಿನ ಖಾಲಿ ಬಾಟಲಿಗಳು ಸಿಗುತ್ತಿದ್ದವು. ವಾರಕ್ಕೆ ನಾಲ್ಕು, ಐದು. ಜೊತೆಗೆ ಗಟ್ಟಿಯಾಗಿ ಮುದುರಿದ ಕಾಗದದ ಚೂರು, ಒಮ್ಮೊಮ್ಮೆ ಬಟ್ಟೆಯ ಚೂರು. ಆಯಾ ಎಷ್ಟು ಓದಿದ್ದಾಳೆ ಎಂಬುದು ಬೇರೆ ಮಾತು, ಶೌಚಾಲಯದಲ್ಲಿ ಕೂತು ಯಾರೂ ಕಾಪಿ ತಿದ್ದುವುದಿಲ್ಲ ಎಂಬಷ್ಟು ಬುದ್ಧಿ ಅವಳಿಗಿತ್ತು. ಬಸ್ ನಿಲ್ದಾಣ ಗುಡಿಸುವ ಅವಳ ಗೆಳತಿ ಒಮ್ಮೆ ಹೇಳಿದ್ದಳು, ಅದನ್ನು ಮೂಸಿದರೆ ಹುಡುಗರಿಗೆ ತಲೆ ತಿರುಗಿ ಮತ್ತು ಬರುತ್ತದಂತೆ, ಆಮೇಲೆ ಬಿಡಲಾಗುವುದಿಲ್ಲವಂತೆ. ಕಳೆದ ವರ್ಷ ಒಂದು ಕವರಿನ ತುಂಬ ಬಾಟಲಿ ಕೂಡಿಹಾಕಿ ಸೂಪರ್‌ವೈಸರನ ಮುಂದೆ ಇಟ್ಟಳು. ಸೊಂಟದಲ್ಲಿ ಸದಾ ಕೀಲಿಕೈ ಗೊಂಚಲು ಜಣಗುಟ್ಟಿಸಿಕೊಂಡು ತಿರುಗುವ ಅವನಿಗೆ ಕೆಲಸದವರೆಲ್ಲ ಬೀಗದಪ್ಪ ಎನ್ನುತ್ತಿದ್ದರು.

ಬೀಗದಪ್ಪ ಕವರಿನೊಳಗೆ ಇಣುಕಿ, ಮತ್ತೆ ಗಂಟು ಹಾಕಿ ಅವಳ ಕೈಗೇ ಕೊಟ್ಟ. "ನೋಡು ಆಯಾ, ಶೌಚಾಲಯದಿಂದ ಹೊರಗೆ ಬರಬೇಕಾದ್ದು ಕಸ ಮಾತ್ರ. ಸುದ್ದಿ ಅಲ್ಲ. ನೀನು ಇವತ್ತು ಬಾಟಲಿ ತಂದೆ, ನಾಳೆ ದೊಡ್ಡ ಮೇಡಂ ಕೇಳ್ತಾರೆ, ಇಷ್ಟು ದಿನ ಎಲ್ಲಿ ಮಲಗಿದ್ರಿ ಅಂತ. ಯಾರಿಗೆ ಬೇಕು? ಎಸೆದು ಕೈ ತೊಳ್ಕೋ."

ಅವಳು ಎಸೆದು ಕೈ ತೊಳೆದುಕೊಂಡಳು. ಒಳಗೊಳಗೇ ಒಂದು ಸಮಾಧಾನವೂ ಆಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಉಂಡು ತಿಂದು ಹೆಚ್ಚಾದ ಮನೆಯ ಮಕ್ಕಳ ಚಾಳಿ ಇದು, ಕೇಳಿದ್ದು ಕೊಡಿಸುತ್ತಾರೆ, ಕೊಬ್ಬು ಏರುತ್ತದೆ. ನಮ್ಮ ಮನೆಯಲ್ಲಿ ಈ ರೋಗವಿಲ್ಲ ಎಂದುಕೊಂಡಳು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಎಣಿಸುವವರ ಬಗ್ಗೆ ಅವಳೂ ಎಷ್ಟೋ ಸಲ ನಕ್ಕಿದ್ದವಳೇ.

ಆದರೆ ಅವಳ ತಟ್ಟೆಯ ಹೆಗ್ಗಣ ಅವಳಿಗೆ ತಿಳಿಯದೇ ಹೋಗಲು ಒಂದು ಕಾರಣವಿತ್ತು. ಹನ್ನೊಂದು ವರ್ಷದ ಫಿನಾಯಿಲು, ಆಸಿಡ್ಡು, ಬ್ಲೀಚಿಂಗ್ ಪುಡಿ ಸೇರಿ ಅವಳ ಮೂಗನ್ನು ಕೊಂದುಹಾಕಿದ್ದವು. ಮೊದಮೊದಲು ಉರಿಯುತ್ತಿತ್ತು, ಆಮೇಲೆ ಕಟ್ಟಿಕೊಂಡಿತು, ಆಮೇಲೆ ಉರಿಯೂ ಇಲ್ಲ, ವಾಸನೆಯೂ ಇಲ್ಲ. ಒಲೆಯ ಮೇಲೆ ಹಾಲು ಸೀದರೆ ಕರಿ ಹೊಗೆ ಕಂಡ ಮೇಲೇ ಅವಳಿಗೆ ಗೊತ್ತಾಗುತ್ತಿತ್ತು. ಶೌಚಾಲಯ ತೊಳೆಯುವವಳಿಗೆ ಮೂಗು ಇಲ್ಲದಿದ್ದರೆ ಅದೊಂದು ಅನುಕೂಲ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಮನೆಯಲ್ಲಿ ಮೂಗು ಇದ್ದದ್ದು ಅತ್ತೆಗೆ. ಕಣ್ಣು ಮಂಜು, ಕಾಲು ನಡೆಯದು, ನೆನಪು ಹರಿದ ಚೀಲ. ಮೂಗು ಮಾತ್ರ ಇನ್ನೂ ಹದಿನಾರರದ್ದು. ಬಾಗಿಲ ಪಕ್ಕದ ಮಂಚದಲ್ಲಿ ಮಲಗಿಕೊಂಡೇ ಕೆಳಗಿನ ಮನೆಯವರು ಏನು ಹುರಿಯುತ್ತಿದ್ದಾರೆ, ಯಾರು ಸ್ನಾನ ಮಾಡದೆ ಮೆಟ್ಟಿಲು ಹತ್ತಿದರು ಎಲ್ಲ ಹೇಳುತ್ತಿದ್ದಳು. ಅವಳ ಒಬ್ಬನೇ ಮಗ, ಆಯಾಳ ಗಂಡ, ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದವನು. ಆರು ವರ್ಷದ ಹಿಂದೆ ಸಾರುವೆಯಿಂದ ಬಿದ್ದು ತೀರಿಹೋದ. ಬದುಕಿದ್ದಾಗ ಸಂಜೆ ಅವನು ಬಾಗಿಲು ತಳ್ಳಿದರೆ ಮುಂಚೆ ಬರುತ್ತಿದ್ದುದು ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ, ಹಿಂದಿನಿಂದ ಅವನು.

ಒಂದು ವರ್ಷದಿಂದ ಅತ್ತೆ ಸಂಜೆ ಹೊತ್ತು ಹೊಸ ವರಸೆ ಶುರು ಮಾಡಿದ್ದಳು. ಮೊಮ್ಮಗಳು ಶಾಲೆಯಿಂದ ಬಂದು ಮಂಚದ ತುದಿಯಲ್ಲಿ ಕೂತರೆ ಸಾಕು, ಮುಖ ಅರಳಿಸಿ, "ಬಂದ ನೋಡು ನನ್ನ ಮಗ" ಎನ್ನುತ್ತಿದ್ದಳು. ದಿನಾ ಅಲ್ಲ, ಕೆಲವು ದಿನ. ಆಯಾ ಒಂದೂವರೆ ಗಂಟೆ ತಡವಾಗಿ ಕೆಲಸ ಮುಗಿಸಿ ಬರುವಷ್ಟರಲ್ಲಿ, "ಮಗ ಬಂದಿದ್ದ ಕಣೇ, ಮಾತಾಡಲೇ ಇಲ್ಲ, ಸುಸ್ತಾಗಿರ್ಬೇಕು" ಎಂದು ವರದಿ ಒಪ್ಪಿಸುತ್ತಿದ್ದಳು.

"ಆಯ್ತು ಅತ್ತೆ, ಬಂದಿದ್ದ. ಈಗ ಮಾತ್ರೆ ತಗೊಳ್ಳಿ," ಎನ್ನುತ್ತಿದ್ದಳು ಆಯಾ. ಅರಳು ಮರಳಿನ ಮಾತಿಗೆ ಯಾರು ಕಿವಿ ಕೊಡುತ್ತಾರೆ?

ಮಗಳು ಸೊರಗುತ್ತಿದ್ದುದು ಕಾಣದೇ ಇರಲಿಲ್ಲ. ತಟ್ಟೆಯ ಮುಂದೆ ಕೂತು ಕೆದಕಿ ಏಳುತ್ತಿದ್ದಳು. ತಲೆನೋವು ಎನ್ನುತ್ತಿದ್ದಳು. ಗಣಿತದಲ್ಲಿ ಮೊದಲಿದ್ದವಳು ಕೊನೆಯ ಬೆಂಚಿಗೆ ಇಳಿದಿದ್ದಳು. ಮೂಗಿನ ಕೆಳಗೆ ತುಟಿಯ ಅಂಚಿನವರೆಗೂ ಒಣಗಿದ ಕೆಂಪು ಹುಣ್ಣು, ಎಷ್ಟು ಮುಲಾಮು ಹಚ್ಚಿದರೂ ಮಾಯುತ್ತಿರಲಿಲ್ಲ. ವಯಸ್ಸು, ನೆಗಡಿ, ಧೂಳು, ನಿದ್ದೆಗೇಡು: ತಾಯಿಗೆ ಕಾರಣಗಳಿಗೇನು ಬರ. ಎಂಟು ತಾಸು ನಿಂತು ಬಗ್ಗಿ ಉಜ್ಜಿ ಬಂದವಳಿಗೆ ಸಂಜೆ ಇನ್ನೊಂದು ಚಿಂತೆ ಹೊರಲು ಬೆನ್ನಿರಲಿಲ್ಲ, ಅಷ್ಟೇ ಸತ್ಯ.

ಆವತ್ತು ಬೆಳಗ್ಗೆ ಪೊರಕೆ ಕೆರೆದು ಮುಗಿಸಿದ್ದಳಲ್ಲ, ಹನ್ನೊಂದರ ಬಿಡುವಾದ ಮೇಲೆ ಮತ್ತೆ ಬಂದಾಗ ಬಾಗಿಲ ಮೇಲೆ ಏನೂ ಇರಲಿಲ್ಲ. ಸದ್ಯ ಎಂದು ನೆಲ ತೊಳೆಯಲು ಬಗ್ಗಿದಳು. ಟ್ಯಾಂಕಿನ ಹಿಂದೆ ಒಂದು ಬಟ್ಟೆ ತುರುಕಿತ್ತು. ಎಳೆದಳು. ಕರವಸ್ತ್ರ. ಒದ್ದೆಯಾಗಿ, ನಡುವೆ ಬಿಳಿಯ ಗಟ್ಟಿ ಕಲೆ ಕಟ್ಟಿಕೊಂಡಿತ್ತು. ಕಸದ ಚೀಲಕ್ಕೆ ಹಾಕಲು ಕೈ ಚಾಚಿದವಳು ಹಾಗೇ ನಿಂತಳು. ಬೂದು ಗೆರೆಗಳ ಹಳೆಯ ದಿಂಬಿನ ಬಟ್ಟೆ, ಮೂರು ಅಂಚಿಗೆ ಬಿಳಿ ದಾರ, ನಾಲ್ಕನೆಯ ಅಂಚಿಗೆ ನೀಲಿ ದಾರ. ಹೊಲಿಯುವಾಗ ಬಿಳಿ ದಾರ ಮುಗಿದುಹೋಗಿತ್ತು. "ಅಂಗಡಿಗೆ ಹೋಗಕ್ಕೆ ಆಗಲ್ಲ, ನೀಲೀಲೇ ಮುಗಿಸ್ತೀನಿ, ಯಾರು ನೋಡ್ತಾರೆ" ಎಂದು ಅವಳೇ ಮಗಳಿಗೆ ಹೇಳಿದ್ದಳು.

ಆಯಾ ಬಟ್ಟೆಯನ್ನು ಮೂಗಿಗೆ ಹಿಡಿದಳು. ಜೋರಾಗಿ ಉಸಿರೆಳೆದಳು. ಏನೂ ಇಲ್ಲ. ಮತ್ತೆ ಎಳೆದಳು. ಸತ್ತ ಮೂಗು ಎಷ್ಟು ಹೊಡೆದರೂ ಏಳಲಿಲ್ಲ. ಆಮೇಲೆ ಅತ್ತೆಯ ಮಾತು ನೆನಪಾಯಿತು, ಬಂದ ನೋಡು ನನ್ನ ಮಗ. ವೈಟ್ನರಿನ ವಾಸನೆಯೂ ಗಂಡನ ಥಿನ್ನರಿನದೇ ಅಲ್ಲವೇ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು. ಒಂದು ವರ್ಷದಿಂದ ಆ ಮುದುಕಿ ಮತ್ತೆ ಮತ್ತೆ ಹೇಳುತ್ತಿದ್ದಳು. ಕಣ್ಣಿಲ್ಲದವಳಿಗೆ ಕಂಡದ್ದು ತನಗೆ ಕಂಡಿರಲಿಲ್ಲ.

ಕಾರಿಡಾರಿನ ಆ ತುದಿಯಲ್ಲೇ ಮಗಳ ತರಗತಿ. ನಲವತ್ತು ಹೆಜ್ಜೆ. ಹೋಗಿ ಕೈ ಹಿಡಿದು ಎಳೆದುಕೊಂಡು ಬರಬೇಕೆನಿಸಿತು. ಆದರೆ ಗೇಟಿನೊಳಗೆ ಅವಳು ಅಮ್ಮನಲ್ಲ. ತಾನೇ ಹಾಕಿದ ಗೆರೆಯನ್ನು ತಾನೇ ದಾಟಲಾಗದೆ ಸಂಜೆಯವರೆಗೆ ಆರು ಶೌಚಾಲಯ, ಎರಡು ಮಹಡಿ, ಒಂದು ಮೆಟ್ಟಿಲು ತೊಳೆದಳು. ಏನು ತೊಳೆದಳೋ ಅವಳಿಗೇ ಗೊತ್ತಿಲ್ಲ.

ಮನೆಗೆ ಬಂದಾಗ ಮಗಳು ಕಿಟಕಿಯ ಬಳಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಆಯಾ ಚಪ್ಪಲಿ ಬಿಡದೆ ಕರವಸ್ತ್ರವನ್ನು ಬಟ್ಟೆಯ ರಾಶಿಯ ಮೇಲೆ ಇಟ್ಟಳು. ಮಗಳು ಅದನ್ನು ನೋಡಿದಳು, ಉಳಿದ ಬಟ್ಟೆಯಂತೆ ಅದನ್ನೂ ನಾಲ್ಕಾಗಿ ಮಡಚಿ ಪಕ್ಕಕ್ಕಿಟ್ಟಳು.

"ಎಷ್ಟು ದಿನದಿಂದ?"

"ಏಳನೇ ಕ್ಲಾಸಿಂದ."

ಹೊಡೆಯುವುದಕ್ಕೆಂದೇ ಕೈ ಎತ್ತಿದ್ದಳು ಆಯಾ. ಹುಡುಗಿ ತಪ್ಪಿಸಿಕೊಳ್ಳಲಿಲ್ಲ, ಕಣ್ಣೂ ಮುಚ್ಚಲಿಲ್ಲ, ಮುಗಿಸಿಬಿಡು ಎಂಬಂತೆ ನಿಂತಳು. ಹದಿಮೂರು ವರ್ಷದವಳ ಮುಖದಲ್ಲಿ ಅಂಥ ದಣಿವು ನೋಡಿ ಎತ್ತಿದ ಕೈ ತಾನಾಗಿ ಇಳಿಯಿತು.

"ಯಾರು ಕಲಿಸಿದ್ರು? ನಿಂಗೇನು ಕಮ್ಮಿ ಮಾಡಿದ್ದೆ ನಾನು? ಹೊಟ್ಟೆ ಬಟ್ಟೆ ಕಟ್ಟಿ..."

"ಅಮ್ಮ, ನೀನು ಸುಮ್ನೆ ಗೊತ್ತಿಲ್ಲದವರ ಥರ ಮಾತಾಡ್ಬೇಡ."

"ಏನು ಗೊತ್ತು ನಂಗೆ?"

"ಪೊರಕೆ."

ಆಯಾಳಿಗೆ ಅರ್ಥವಾಗಲಿಲ್ಲ. ಪೊರಕೆ ತನ್ನದು, ಇವಳ ಬಾಯಲ್ಲಿ ಹೇಗೆ ಬಂತು? "ಅದು ನನ್ನ ಬಗ್ಗೆ ಬರೀತಾರೆ ಕಣೆ. ಬರೀಲಿ ಬಿಡು. ನಿಂಗೆ ಕಾಣಬಾರದು ಅಂತ ನಾನು ಬೆಳಗ್ಗೆನೇ..."

"ನಿನ್ನ ಬಗ್ಗೆ ಯಾಕೆ ಬರೀತಾರೆ?" ಮಗಳ ದನಿ ಮೊದಲ ಸಲ ಏರಿತು. "ನಿನ್ನ ಅವರು ಲೆಕ್ಕಕ್ಕೇ ಇಟ್ಟಿಲ್ಲಮ್ಮ. ಅದು ನಾನು. ಪೊರಕೆ ಅಂದ್ರೆ ನಾನು. ನನ್ನ ಹೆಸರು ಕರೆಯೋದು ಬಿಟ್ಟು ಎರಡು ವರ್ಷ ಆಯ್ತು."

ಆರನೆಯ ತರಗತಿಯಲ್ಲಿದ್ದಾಗ ಒಂದು ಭಾನುವಾರ ಸಂತೆಯಲ್ಲಿ ಇಬ್ಬರೂ ಒಟ್ಟಿಗೆ ಚೀಲ ಹಿಡಿದು ಹೋಗುತ್ತಿದ್ದುದನ್ನು ಅವಳ ತರಗತಿಯ ಒಬ್ಬ ಹುಡುಗಿ ಕಾರಿನ ಕಿಟಕಿಯಿಂದ ನೋಡಿದಳಂತೆ. ಅಲ್ಲಿಂದ ಶುರು. ಅವಳು, ಅವಳ ಇಬ್ಬರು ಗೆಳತಿಯರು. ಮೊದಲು ಬೆಂಚಿನ ಕೆಳಗೆ ಕಸ ಹಾಕಿ ಎತ್ತು ಎಂದರು. ಪಕ್ಕದಲ್ಲಿ ಕೂತರೆ ಮೂಗು ಮುಚ್ಚಿದರು. ಬಿಡುವಿನಲ್ಲಿ ಮೂರನೆಯ ಬಾಗಿಲ ಮುಂದೆ ನಿಲ್ಲಿಸಿ, ಒಳಗೆ ಹೋಗಿ ನಿನ್ನ ಫೋಟೋ ನೋಡಿಕೊಂಡು ಬಾ ಎಂದರು. ಏಳನೆಯ ತರಗತಿಯಲ್ಲಿ ಒಂದು ದಿನ ಅವರೇ ಒಳಗೆ ಕೂತು ಮೂಸುತ್ತಿದ್ದರು. ನೀನೂ ಮಾಡು, ಇವತ್ತು ಬಿಟ್ಟುಬಿಡುತ್ತೇವೆ ಎಂದರು. ಮಾಡಿದಳು. ಆವತ್ತು ಬಿಟ್ಟರು ಕೂಡ.

"ಆಮೇಲೆ?"

"ಆಮೇಲೆ ಅವರು ಬಿಡಲಿಲ್ಲ. ಆದ್ರೆ ಅದು..." ಮಗಳು ಮಡಚಿದ ಬಟ್ಟೆಯ ಮೂಲೆ ಎಳೆಯುತ್ತ ನಿಂತಳು. "ಅದು ಇದ್ರೆ ಹತ್ತು ನಿಮಿಷ ಎಲ್ಲಾ ದೂರದಲ್ಲಿ ಕೇಳಿಸುತ್ತೆ. ಪಕ್ಕದ ಮನೆ ಟೀವಿ ಥರ. ಬೈದ್ರೂ ಬೇರೆ ಯಾರಿಗೋ ಬೈದ ಹಾಗೆ. ಆಮೇಲೆ ನಾನೊಬ್ಬಳೇ ಮಾಡಕ್ಕೆ ಶುರು ಮಾಡಿದೆ."

"ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ ಮಗಾ?"

ಮಗಳು ತಲೆಯೆತ್ತಿ ಅಮ್ಮನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

"ನೀನು ದಿನಾ ಅಳಿಸ್ತಿದ್ದೆಯಲ್ಲಮ್ಮ. ಸಂಜೆ ಇದ್ದದ್ದು ಬೆಳಗ್ಗೆ ನಾನು ಬರೋ ಹೊತ್ತಿಗೆ ಇರ್ತಿರಲಿಲ್ಲ. ಅಮ್ಮನಿಗೆ ಎಲ್ಲಾ ಗೊತ್ತು, ಗೊತ್ತಿದ್ದೂ ಸುಮ್ನಿದ್ದಾಳೆ, ಅದೂ ಗೇಟಿನೊಳಗಿನ ಒಪ್ಪಂದಾನೇ ಅಂದ್ಕೊಂಡಿದ್ದೆ."

ಮಂಚದಿಂದ ಅತ್ತೆ ಕೇಳಿದಳು, "ಯಾರೇ ಅಲ್ಲಿ ಅಳೋರು?" ಇಬ್ಬರೂ ಅಳುತ್ತಿರಲಿಲ್ಲ. ಒಲೆಯ ಮೇಲಿನ ನೀರು ಕುದಿದು ಅರ್ಧವಾಯಿತು. ಆಯಾ ಎದ್ದು ಆರಿಸಿದಳು.

"ಯಾರಿಗೂ ಹೇಳ್ಬೇಡ," ಎಂದಳು ಮಗಳು. "ಹೇಳಿದ್ರೆ ನಾನು ಮಾಡಿದ್ದೂ ಗೊತ್ತಾಗುತ್ತೆ. ಸೀಟೂ ಹೋಗುತ್ತೆ, ನಿನ್ನ ಕೆಲಸಾನೂ ಹೋಗುತ್ತೆ. ನಾಳೆ ಮತ್ತೆ ಬರ್ದಿರ್ತಾರೆ. ನೀನು ಅಳಿಸ್ತೀಯ. ಅಷ್ಟೇ ತಾನೆ."

ಮಾರನೆಯ ದಿನ ಶಾಲೆಗೆ ಅತಿಥಿಗಳು ಬರುವವರಿದ್ದರು. ಪ್ರಯೋಗಾಲಯಕ್ಕೆ ನೆರವು ಕೊಡುವ ದೊಡ್ಡ ಮನುಷ್ಯರಂತೆ, ಶಾಲೆಯ ಇಂಚಿಂಚೂ ನೋಡುತ್ತಾರಂತೆ. ಬೀಗದಪ್ಪ ಏಳು ಗಂಟೆಗೇ ಬಂದು ಗೇಟಿನಲ್ಲಿ ನಿಂತಿದ್ದ. "ಹೆಣ್ಮಕ್ಕಳ ಕಡೆ ಕನ್ನಡಿ ಥರ ಹೊಳೀಬೇಕು ಆಯಾ. ಒಂಬತ್ತೂವರೆಗೆ ನಾನೇ ನೋಡ್ತೀನಿ."

ಮೂರನೆಯ ಬಾಗಿಲಲ್ಲಿ ಪೊರಕೆ ಇತ್ತು. ಹಿಂದಿನ ಸಂಜೆಯೇ ಬರೆದಿರಬೇಕು, ಚೆನ್ನಾಗಿ ಒಣಗಿತ್ತು. ಈ ಸಲ ಆಯಾ ಬ್ಲೇಡು ತೆಗೆಯುವ ಮೊದಲು ನಿಂತು ನೋಡಿದಳು. ಎರಡು ವರ್ಷದಲ್ಲಿ ಒಮ್ಮೆಯೂ ಅವಳು ಅದನ್ನು ನೋಡಿರಲಿಲ್ಲ, ಕೆರೆದಿದ್ದಳು ಅಷ್ಟೇ. ಹಿಡಿಯ ಮೇಲ್ತುದಿಯಲ್ಲಿ ಎರಡೂ ಪಕ್ಕಕ್ಕೆ ಇಳಿಬಿದ್ದ ಎರಡು ಪುಟ್ಟ ಜಡೆಗಳಿದ್ದವು. ಜಡೆಯ ಕೊನೆಗೆ ರಿಬ್ಬನ್ನಿನ ಗಂಟೂ ಇತ್ತು. ಆಯಾಳ ಕೂದಲು ಕತ್ತರಿಸಿದ್ದು, ಜಡೆ ಹಾಕಿ ಯಾವ ಕಾಲವಾಯಿತೋ. ಹಸಿರು ಬಾಗಿಲ ಮೇಲೆ ಹಳೆಯ ಕೆರೆತಗಳ ಮೇಲೆ ಕೆರೆತ. ಎಷ್ಟು ಸಲ ಈ ಜಡೆಗಳನ್ನು ತನ್ನ ಕೈಯಾರೆ ಕೆರೆದು ಹಾಕಿದ್ದಳೋ.

ಬ್ಲೇಡನ್ನು ಕಸದ ಚೀಲಕ್ಕೆ ಹಾಕಿದಳು. ಬಾಗಿಲು ಅಗಲಕ್ಕೆ ತೆರೆದು, ಚಿತ್ರ ಹೊರಗಿನವರಿಗೆ ಕಾಣುವಂತೆ ಇಟ್ಟಿಗೆ ಆನಿಸಿ, ಬಕೆಟ್ಟು ಬೋರಲು ಹಾಕಿ ಅದರ ಮುಂದೆ ಕೂತಳು. ಹಿಂದಿನ ದಿನವೊಂದನ್ನು ಬಿಟ್ಟರೆ ಹನ್ನೊಂದು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವಳು ಹೀಗೆ ಕೂತದ್ದು ಇಲ್ಲ.

ಒಂಬತ್ತೂವರೆಗೆ ಬೀಗದಪ್ಪ ಬಂದ. ನೋಡಿದ. "ಏನಿದು? ಹುಷಾರಿಲ್ವಾ?"

"ಹುಷಾರಾಗಿದೀನಿ. ಇವತ್ತು ಈ ಬಾಗಿಲು ಒರೆಸಲ್ಲ. ದೊಡ್ಡ ಮೇಡಂನ ಕರೀರಿ."

"ತಲೆ ನೆಟ್ಟಗಿದೆಯಾ ನಿಂಗೆ? ಹತ್ತಕ್ಕೆ ಬರ್ತಾರೆ ಅವರು! ಕೊಡು ಇಲ್ಲಿ ಬಟ್ಟೆ, ನಾನೇ ಒರೆಸ್ತೀನಿ."

"ಮುಟ್ಟಿದ್ರೆ ಕಿರುಚ್ತೀನಿ," ಎಂದಳು ಆಯಾ, ಬಹಳ ಮೆತ್ತಗೆ. ಬೀಗದಪ್ಪ ಅವಳ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಕೀಲಿಕೈ ಗೊಂಚಲಿನ ಸದ್ದು ಮೆಟ್ಟಿಲಿಳಿದು ದೂರವಾಯಿತು, ಸ್ವಲ್ಪ ಹೊತ್ತಿಗೆ ಹೀಲ್ಡ್ ಚಪ್ಪಲಿಯ ಸದ್ದಿನ ಜೊತೆ ಹಿಂತಿರುಗಿತು.

ದೊಡ್ಡ ಮೇಡಂ ಕೆಟ್ಟವರಲ್ಲ. ಸಾವಿರ ಮಕ್ಕಳನ್ನೂ ಅವರ ಎರಡು ಸಾವಿರ ಅಪ್ಪಅಮ್ಮಂದಿರನ್ನೂ ಹೊತ್ತು ಬೆನ್ನು ಬಾಗಿದವರು. ಗಡಿಯಾರ ನೋಡಿಕೊಂಡು, ಚಿತ್ರ ನೋಡಿ, ನಿಟ್ಟುಸಿರು ಬಿಟ್ಟರು. "ಆಯಾ, ಬೇಜಾರಾಗಿದೆ ನಿಂಗೆ, ಗೊತ್ತಾಗುತ್ತೆ. ಈಗ ಒರೆಸಿಬಿಡು. ಅತಿಥಿಗಳು ಹೋಗಲಿ, ಆಮೇಲೆ ಕೂತು ಮಾತಾಡೋಣ."

"ಒರೆಸಿದ್ರೆ ಆಮೇಲೆ ಮಾತಾಡಕ್ಕೆ ಏನೂ ಇರಲ್ಲ ಮೇಡಂ. ಎರಡು ವರ್ಷ ನಾನೇ ಒರೆಸಿದೀನಿ."

"ಯಾರೋ ಮಕ್ಕಳು ನಿನ್ನ..."

"ನಾನಲ್ಲ ಅದು. ಜಡೆ ನೋಡಿ. ಅದು ಎಂಟನೇ ಕ್ಲಾಸಿನ ಹುಡುಗಿ. ನನ್ನ ಮಗಳು." ಅವಳು ಏಪ್ರನ್ನಿನ ಜೇಬಿಗೆ ಕೈಹಾಕಿದಳು. ಇಲ್ಲಿಗೆ ನಿಲ್ಲಿಸಬಹುದಿತ್ತು. ಚಿತ್ರವೊಂದನ್ನೇ ತೋರಿಸಿದರೆ ಮಗಳು ಬಾಧೆಪಟ್ಟವಳು ಮಾತ್ರ, ತಪ್ಪು ಮಾಡಿದವಳಲ್ಲ. ಸೀಟಿಗೆ ಕುತ್ತು ಬರುವುದಿಲ್ಲ. ಅಷ್ಟು ಲೆಕ್ಕ ಅವಳೂ ಹಾಕಿದ್ದಳು. ಆದರೆ ಅರ್ಧ ಕೆರೆದು ಅರ್ಧ ಬಿಟ್ಟರೆ ಮತ್ತೆ ಅದೇ ಕಥೆಯಾಗುತ್ತದೆ ಎನ್ನಿಸಿತು. ನಾಲ್ಕಾಗಿ ಮಡಚಿದ ಕರವಸ್ತ್ರ ತೆಗೆದು ಮೇಡಂ ಕೈಗೆ ಕೊಟ್ಟಳು. "ಇದೂ ಅವಳದ್ದೇ. ಮೂಸಿ ನೋಡಿ. ನಂಗೆ ವಾಸನೆ ಬರಲ್ಲ."

ಮೇಡಂ ಮೂಸಿದರು. ಅವರ ಮುಖ ಬದಲಾಯಿತು. ಬಾಗಿಲ ಮೇಲಿನ ಹಳೆಯ ಕೆರೆತಗಳ ಮೇಲೆ ಬೆರಳಾಡಿಸಿದರು. ಕೆಳಗೆ ಕಾರುಗಳು ಬಂದು ನಿಂತ ಸದ್ದಾಯಿತು. "ಅತಿಥಿಗಳನ್ನ ಕಚೇರೀಲಿ ಕೂರಿಸಿ," ಎಂದರು ಬೀಗದಪ್ಪನಿಗೆ. "ಈ ಮಹಡಿ ಇವತ್ತು ತೋರಿಸೋದು ಬೇಡ."

ಆಮೇಲೆ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಮೂವರ ಮನೆಯವರೂ ಬಂದರು. ಒಬ್ಬ ಅಪ್ಪ ಇದೆಲ್ಲ ಮಕ್ಕಳಾಟ ಎಂದ. ಒಬ್ಬಳು ಅಮ್ಮ ತನ್ನ ಮಗಳು ಅಂಥವಳಲ್ಲ ಎಂದು ಕೂಗಾಡಿದಳು. ಮೂರನೆಯವಳು, ಅಷ್ಟು ಚೆನ್ನಾಗಿ ಪೊರಕೆ ಬರೆಯುತ್ತಿದ್ದ ಹುಡುಗಿಯ ಅಮ್ಮ, ಮಗಳ ಮೂಗಿನ ಕೆಳಗಿನ ಕೆಂಪು ಹುಣ್ಣನ್ನು ಆವತ್ತೇ ಮೊದಲು ನೋಡಿದವಳಂತೆ ನೋಡಿ ಕುರ್ಚಿಯಲ್ಲಿ ಕುಸಿದಳು. ಆಯಾಳಿಗೆ ಅವಳ ಮೇಲೆ ಇದ್ದ ಕೋಪವೆಲ್ಲ ಆ ಹೊತ್ತಿಗೆ ಕರಗಿಹೋಯಿತು, ಅದಕ್ಕಾಗಿ ತನ್ನ ಮೇಲೇ ಕೋಪ ಬಂತು. ಮಗಳ ಸೀಟು ವರ್ಷದ ಕೊನೆಯವರೆಗೆ ಇರುತ್ತದೆ, ಮುಂದೆ ನೋಡೋಣ ಎಂದರು. ಆಯಾಳನ್ನು ಗಂಡುಹುಡುಗರ ಕಡೆಗೆ ಹಾಕಿದರು. ಅಲ್ಲಿಯೂ ಬಾಟಲಿ ಸಿಗುತ್ತವೆ. ಈಗ ಅವಳು ಅವನ್ನು ಬೀಗದಪ್ಪನಿಗೆ ಕೊಡದೆ ನೇರವಾಗಿ ಮೇಡಂ ಮೇಜಿನ ಮೇಲೆ ಇಟ್ಟು ಬರುತ್ತಾಳೆ. ಮಗಳು ಕಾರಿಡಾರಿನಲ್ಲಿ ಸಿಕ್ಕರೆ ಇನ್ನೂ ಭೂಪಟವನ್ನೇ ನೋಡುತ್ತಾಳೆ. ಅಭ್ಯಾಸ ಬಿಡುವುದು ಅಷ್ಟು ಸುಲಭವಲ್ಲ, ಯಾವುದೇ ಆಗಲಿ.

ಮಗಳನ್ನು ತೋರಿಸಿದ ಆಸ್ಪತ್ರೆಯ ಡಾಕ್ಟರಮ್ಮನೂ ಅದನ್ನೇ ಹೇಳಿದರು. ವಾರಕ್ಕೊಮ್ಮೆ ಕರೆತನ್ನಿ, ಮಾತಾಡುತ್ತೇನೆ. ನಡುವೆ ಜಾರುತ್ತಾಳೆ, ಹೊಡೆಯಬೇಡಿ, ಬೈಯಬೇಡಿ, ಗೊತ್ತಾದರೆ ಸಾಕು. "ದಿನಾ ಸಂಜೆ ಬಂದ ಕೂಡ್ಲೆ ಹತ್ರ ಕೂರಿಸ್ಕೊಳ್ಳಿ. ವಾಸನೆ ನೋಡಿ. ತಾಯಿಗೆ ಗೊತ್ತಾಗೇ ಆಗುತ್ತೆ."

"ಈ ತಾಯಿಗೆ ಗೊತ್ತಾಗಲ್ಲ ಡಾಕ್ಟ್ರೇ," ಎಂದಳು ಆಯಾ.

ಹಾಗಾಗಿ ಆ ಕೆಲಸ ಅತ್ತೆಯ ಪಾಲಿಗೆ ಬಂತು. ಅತ್ತೆಗೆ ಗೊತ್ತಿಲ್ಲ, ಮಗಳಿಗೆ ಗೊತ್ತು. ಶಾಲೆಯಿಂದ ಬಂದವಳು ಚೀಲ ಇಳಿಸಿ, ಯಾರೂ ಹೇಳದಿದ್ದರೂ ಮಂಚದ ತುದಿಯಲ್ಲಿ ಅಜ್ಜಿಗೆ ಒರಗಿ ಕೂರುತ್ತಾಳೆ. ಆಯಾ ಬರುವವರೆಗೂ ಏಳುವುದಿಲ್ಲ. ಮೊದಲ ವಾರ ಒಂದು ದಿನ, ಎರಡನೆಯ ವಾರ ಎರಡು ದಿನ, ಆಯಾ ಬಾಗಿಲು ತಳ್ಳಿದಾಗ ಅತ್ತೆ ಹಿಗ್ಗಿನಿಂದ, "ಮಗ ಬಂದಿದ್ದಾನೆ ಕಣೇ" ಎಂದಿದ್ದಳು. ಆಗ ಮಗಳು ತಲೆ ತಗ್ಗಿಸಿ ಅಲ್ಲೇ ಕೂತಿದ್ದಳು. ಆಯಾ ಬೈಯಲಿಲ್ಲ. ನಲ್ಲಿಯ ಕೆಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಇವತ್ತು ಗಂಡುಹುಡುಗರ ಕಡೆ ಪೈಪು ಒಡೆದು ಕೆಲಸ ಹೆಚ್ಚಾಗಿತ್ತು. ಮೆಟ್ಟಿಲು ಹತ್ತುವಾಗ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಬಾಗಿಲ ಹೊರಗೆ ಒಂದು ನಿಮಿಷ ನಿಂತಳು. ದಿನಾ ನಿಲ್ಲುತ್ತಾಳೆ, ಒಳಗೆ ಹೋಗಲು ಭಯವಾಗುತ್ತದೆ. ಆಮೇಲೆ ತಳ್ಳಿದಳು.

ಮಗಳು ಮಂಚದ ಮೇಲಿದ್ದಳು. ಅತ್ತೆಯ ಮುಖ ಆ ಕಡೆಗಿತ್ತು. ಮುದುಕಿ ಮೊಮ್ಮಗಳ ಕೂದಲು, ಕತ್ತು, ತೋಳು ಎಲ್ಲ ಮೂಸಿ ನೋಡಿರಬೇಕು. ಕೈ ಇನ್ನೂ ಅವಳ ಹೆಗಲ ಮೇಲೇ ಇತ್ತು. ಕಣ್ಣಲ್ಲಿ ನೀರಿತ್ತು.

"ಇವತ್ತೂ ಬರಲಿಲ್ಲ ಕಣೇ," ಎಂದಳು ಅತ್ತೆ. "ಎಷ್ಟು ದಿನ ಆಯ್ತು. ಒಂಬತ್ತೋ ಹತ್ತೋ. ಎಲ್ಲಿಗೆ ಹೋದ ಅವನು? ನನ್ನ ಮೇಲೆ ಕೋಪಾನಾ?"

ಹನ್ನೊಂದು ದಿನ. ಆಯಾಳಿಗೆ ಲೆಕ್ಕ ಸರಿಯಾಗಿ ಗೊತ್ತಿತ್ತು. ಎದೆಯಲ್ಲಿ ಸಂತೋಷ ಉಕ್ಕಿತು, ಅದರ ಹಿಂದೆಯೇ ನಾಚಿಕೆ. ಮಗನಿಗಾಗಿ ಅಳುವ ಮುದುಕಿಯ ಕಣ್ಣೀರು ನೋಡಿ ಹಿಗ್ಗುವ ಸೊಸೆ ಇನ್ನೆಲ್ಲಿದ್ದಾಳೆ?

"ನಾನು ಬಂದಿದೀನಲ್ಲ ಅಜ್ಜಿ," ಎಂದಳು ಮಗಳು.

"ನೀನು ದಿನಾ ಬರ್ತೀಯ ಬಿಡು. ನಾನು ಕೇಳ್ತಿರೋದು ಅವನ್ನ."

ಆಯಾ ಮಂಚದ ಇನ್ನೊಂದು ಬದಿಗೆ ಕೂತಳು. ಫಿನಾಯಿಲಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಅತ್ತೆಯ ಕೆನ್ನೆ ಒರೆಸಿದಳು. ಗಂಡನನ್ನು ನೆನೆಸಿಕೊಂಡಳು, ಬಣ್ಣದ ಕಲೆಗಳ ಅವನ ಅಂಗಿ, ಬಾಗಿಲಲ್ಲೇ ಬಗ್ಗಿ ಬೂಟು ಬಿಚ್ಚುತ್ತಿದ್ದ ರೀತಿ. ಆರು ವರ್ಷದಲ್ಲಿ ಒಂದು ದಿನವೂ ಅವಳು ಆಡದ ಮಾತು ಬಾಯಿಗೆ ಬಂತು.

"ಬರೋದು ಬೇಡ ಬಿಡಿ ಅತ್ತೆ," ಎಂದಳು. "ಅವರು ಇನ್ನು ಬರೋದು ಬೇಡ."